ಥಾಕ್ ನಕ್ಷೆಯ ಸಾಕ್ಷ್ಯ

ನಮ್ಮ ಸೀಮೆಯಲ್ಲಿ ಬದುವಿನ ಜಗಳ ಹುಟ್ಟಿತೆಂದರೆ ಎಲ್ಲರೂ ಮೊದಲು ಹುಡುಕುವುದು ಬಾಂದುಕಲ್ಲನ್ನು. ಕಲ್ಲು ಸಿಕ್ಕಿತೋ, ಅರ್ಧ ಜಗಳ ಮುಗಿದ ಹಾಗೆಯೇ. ಸಿಕ್ಕದಿದ್ದರೆ, ರಾತ್ರೋರಾತ್ರಿ ಅದನ್ನು ಕಿತ್ತು ಸರಿಸಿದವರು ಯಾರು ಎಂಬ ಇನ್ನೊಂದು ಜಗಳ ಹುಟ್ಟುತ್ತದೆ. ಅದು ಹೇಗಾದರೂ ಇರಲಿ, ಎಲ್ಲೆಗೆ ಒಂದು ಕಲ್ಲು ಇತ್ತು ಎಂಬ ವಿಷಯದಲ್ಲಿ ಎರಡು ಪಕ್ಷದವರಿಗೂ ಸಂದೇಹವಿರುವುದಿಲ್ಲ.

ಬಂಗಾಳದ ಬಯಲಿನಲ್ಲಿ ಈ ಸೌಕರ್ಯವಿಲ್ಲ. ಗಂಗೆಯೂ ಬ್ರಹ್ಮಪುತ್ರೆಯೂ ಹೂಳು ತಂದು ಹರಡಿ ಕಟ್ಟಿದ ನೆಲ ಅದು. ಹರದಾರಿಗಟ್ಟಲೆ ನಡೆದರೂ ಒಂದು ಬಂಡೆ ಕಣ್ಣಿಗೆ ಬೀಳುವುದಿಲ್ಲ. ರಸ್ತೆಗೆ ಹಾಕುವ ಜಲ್ಲಿಗೂ ಅಲ್ಲಿ ಇಟ್ಟಿಗೆಯನ್ನು ಸುಟ್ಟು ಒಡೆಯುತ್ತಾರೆ. ಇಂಥ ನಾಡಿನಲ್ಲಿ ಎರಡು ಜಮೀನ್ದಾರಿಗಳ ನಡುವಣ ಎಲ್ಲೆಯನ್ನು ಏತರಿಂದ ಗುರುತಿಸಬೇಕು? ಈ ಪ್ರಶ್ನೆ ಜಿಲ್ಲಾ ಕಛೇರಿಗಳನ್ನೂ ಕಲ್ಕತ್ತೆಯ ನ್ಯಾಯಾಲಯಗಳನ್ನೂ ದಾಟಿ ಲಂಡನ್ನಿನ ಪ್ರೀವಿ ಕೌನ್ಸಿಲಿನವರೆಗೂ ಹೋಯಿತು. ಅದಕ್ಕೆ ಸಿಕ್ಕಿದ ಉತ್ತರ ಒಂದು ಕಾಗದ. ಆ ಕಾಗದದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಎಲ್ಲೆಯ ತೊಡಕು ನಮ್ಮ ದೇಶಕ್ಕೆ ಹೊಸದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸೀಮಾವಿವಾದದ ವಿಚಾರವೇ ಒಂದು ಭಾಗವಾಗಿ ಬಂದಿದೆ. ಗುರುತುಗಳು ಚೆನ್ನಾಗಿ ಕಾಣುವ ಜ್ಯೇಷ್ಠ ಮಾಸದಲ್ಲಿ ಜಗಳವನ್ನು ತೀರ್ಮಾನಿಸಬೇಕು. ಆಲ, ಅರಳಿ, ಮುತ್ತುಗ, ಬೂರುಗ, ತಾಳೆ ಮೊದಲಾದ ಮರಗಳನ್ನು ಎಲ್ಲೆಯಲ್ಲಿ ಬೆಳೆಸಬೇಕು. ಅವಲ್ಲದೆ ಕಣ್ಣಿಗೆ ಕಾಣದಂತೆ ಮೂಳೆ, ಹೊಟ್ಟು, ಬೂದಿ, ಮಡಕೆಯ ಚೂರು, ಇಟ್ಟಿಗೆ, ಇದ್ದಿಲುಗಳನ್ನು ಹೂಳಿಡಬೇಕು. ಇಷ್ಟಾಗಿಯೂ ಸಂಶಯ ಉಳಿದರೆ ಸಾಕ್ಷಿಗಳು ಕೆಂಪು ಬಟ್ಟೆ ಉಟ್ಟು, ಕೆಂಪು ಹೂವಿನ ಮಾಲೆ ತೊಟ್ಟು, ತಲೆಯ ಮೇಲೆ ಮಣ್ಣು ಹೊತ್ತು ಪ್ರಮಾಣಮಾಡಿ ಹೇಳಬೇಕು. ನಮ್ಮ ಕನ್ನಡದ ದಾನಶಾಸನಗಳಲ್ಲಿಯೂ ಚತುಸ್ಸೀಮೆಯನ್ನು ಕೆರೆ, ಮರ, ಹುತ್ತ, ಕಲ್ಲುಗಳಿಂದಲೇ ಹೇಳಿರುವುದನ್ನು ನೋಡಿದವರು ನೋಡಿರಬಹುದು. ಎಲ್ಲಿಯೂ ನಕ್ಷೆಯ ಮಾತಿಲ್ಲ. ಎಲ್ಲೆ ಎಂಬುದು ಊರಿನ ಹಿರಿಯರ ನೆನಪಿನಲ್ಲಿ ಇರತಕ್ಕ ವಸ್ತುವಾಗಿತ್ತು.

1793ರಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬಂಗಾಳದಲ್ಲಿ ಕಾಯಂ ಜಮಾಬಂದಿಯನ್ನು ಜಾರಿಗೆ ತಂದಾಗ ಆ ನೆನಪನ್ನೇ ನಂಬಿದನು. ಜಮೀನ್ದಾರನು ಸರ್ಕಾರಕ್ಕೆ ಕೊಡಬೇಕಾದ ಕಂದಾಯ ಶಾಶ್ವತವಾಗಿ ಗೊತ್ತಾಯಿತು. ರೂಪಾಯಿ, ಆಣೆ, ಪೈಗಳ ಲೆಕ್ಕ ಕರಾರುವಾಕ್ಕಾಗಿತ್ತು. ಆದರೆ ಆ ಕಂದಾಯ ಯಾವ ನೆಲಕ್ಕೆ? ದಫ್ತರದಲ್ಲಿ ಪರಗಣೆಗಳ ಹೆಸರು, ಮೌಜೆಗಳೆಂದರೆ ಹಳ್ಳಿಗಳ ಹೆಸರು ಇದ್ದುವೇ ಹೊರತು ಅವುಗಳ ಅಳತೆ ಇರಲಿಲ್ಲ, ಎಲ್ಲೆ ಇರಲಿಲ್ಲ. ಗೊತ್ತಾದ ದಿನ ಸೂರ್ಯ ಮುಳುಗುವುದರೊಳಗಾಗಿ ಕಂದಾಯ ಕಟ್ಟದಿದ್ದರೆ ಜಮೀನ್ದಾರಿಯನ್ನು ಹರಾಜಿಗೆ ಹಾಕುವ ಕಾನೂನು ಮಾತ್ರ ಇತ್ತು. ಹಾಗೆ ಹರಾಜಾದ ಜಮೀನ್ದಾರಿಗಳು ತುಂಡುತುಂಡಾಗಿ ಕಲ್ಕತ್ತೆಯ ಹಣವಂತರ ಕೈಗೆ ಹೋದುವು. ಕೊಂಡವನು ಆ ಊರನ್ನು ಕಂಡವನಲ್ಲ. ಹಿರಿಯರ ನೆನಪು ಅವನ ಸೊತ್ತೂ ಅಲ್ಲ. ಅಳತೆಯಿಲ್ಲದ ನೆಲಕ್ಕೆ ಬದಲಾಗದ ಬೆಲೆ ಕಟ್ಟಿದ್ದು ಕಂಪನಿ ಸರ್ಕಾರದ ದೊಡ್ಡ ತಪ್ಪುಗಳಲ್ಲಿ ಒಂದೆಂದು ನನ್ನ ಅಭಿಪ್ರಾಯ. ಮುಂದಿನ ಒಂದು ಶತಮಾನದ ವ್ಯಾಜ್ಯಗಳ ಬೀಜ ಅಲ್ಲಿಯೇ ಬಿದ್ದಿತು.

ಇದರ ಮೇಲೆ ನದಿಗಳ ಆಟ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ನಾವು ಗಾದೆಯ ಮಾತಾಗಿ ಹೇಳುತ್ತೇವೆ; ಬಂಗಾಳದಲ್ಲಿ ಅದು ವರ್ಷವರ್ಷವೂ ಕಾಣುವ ಸಂಗತಿ. ಎರಡು ಜಮೀನ್ದಾರಿಗಳ ನಡುವೆ ಎಲ್ಲೆಯಾಗಿ ಹರಿಯುವ ನದಿಯೇ ಒಂದು ದಡವನ್ನು ತಿಂದು ಇನ್ನೊಂದು ದಡಕ್ಕೆ ಉಗುಳುತ್ತದೆ. 1787ರ ಮಹಾಪ್ರವಾಹದಲ್ಲಿ ತೀಸ್ತಾ ನದಿ ಗಂಗೆಯ ಕಡೆಯ ಹಳೆಯ ದಾರಿಯನ್ನು ಬಿಟ್ಟು ಬ್ರಹ್ಮಪುತ್ರೆಯನ್ನು ಸೇರಿಕೊಂಡಿತು. ಅನಂತರದ ಕೆಲವು ದಶಕಗಳಲ್ಲಿ ಬ್ರಹ್ಮಪುತ್ರೆಯ ಮುಖ್ಯ ಪ್ರವಾಹವೇ ಮೈಮನ್‌ಸಿಂಗ್ ಪಟ್ಟಣದ ಪಕ್ಕದ ಹಳೆಯ ಪಾತ್ರವನ್ನು ತೊರೆದು ಬಹು ಪಶ್ಚಿಮಕ್ಕೆ ಸರಿಯಿತು. ಅದನ್ನೇ ಈಗ ಜಮುನಾ ಎನ್ನುತ್ತಾರೆ. ಢಾಕಾದ ದಕ್ಷಿಣಕ್ಕೆ ರಾಜನಗರವೆಂಬಲ್ಲಿ ರಾಜಾ ರಾಜವಲ್ಲಭನು ಕಟ್ಟಿಸಿದ್ದ ಅರಮನೆ ದೇವಾಲಯಗಳನ್ನೆಲ್ಲ ಪದ್ಮಾ ನದಿಯ ಒಂದು ಕವಲು ನುಂಗಿತು. ಜನ ಅದಕ್ಕೆ ಕೀರ್ತಿನಾಶಾ ಎಂದು ಹೆಸರಿಟ್ಟರು. ನದಿಗೆ ಇಟ್ಟ ಹೆಸರುಗಳಲ್ಲಿ ಇಷ್ಟು ಖಾರವಾದದ್ದು ಇನ್ನೊಂದಿಲ್ಲವೆಂದು ಕಾಣುತ್ತದೆ.

ನದಿ ನುಂಗಿದ್ದು ಸುಮ್ಮನೆ ಹೋಗುವುದಿಲ್ಲ, ಇನ್ನೊಂದೆಡೆ 'ಚರ್' ಆಗಿ ಮೇಲೇಳುತ್ತದೆ. ಚರ್ ಎಂದರೆ ನದಿಯ ನಡುವೆ ಅಥವಾ ಅಂಚಿನಲ್ಲಿ ಹೂಳಿನಿಂದ ಹುಟ್ಟಿದ ಹೊಸ ನೆಲ. ಒಂದೆರಡು ವರ್ಷ ಬರಿಯ ಮರಳು. ಮೇಲೆ ಮೆತ್ತನೆಯ ಮಣ್ಣು ಕೂತಿತೆಂದರೆ ಗೊಬ್ಬರವಿಲ್ಲದೆ ಬೆಳೆ. ಅದು ಯಾರದು? ಎದುರು ದಡದ ಜಮೀನ್ದಾರನು ತನ್ನದೆನ್ನುತ್ತಾನೆ. ಈ ದಡದವನು, ಕೊಚ್ಚಿಹೋದ ನನ್ನ ಹಳ್ಳಿಯೇ ತಿರುಗಿ ಬಂದಿದೆ ಎನ್ನುತ್ತಾನೆ. ದಾವಾ ಹಾಕುವ ಮೊದಲು ಇಬ್ಬರೂ ಲಠಿಯಾಲರನ್ನು, ಎಂದರೆ ಕೂಲಿಗೆ ಬರುವ ದೊಣ್ಣೆಗಾರರನ್ನು, ದೋಣಿಗಳಲ್ಲಿ ಕಳುಹಿಸುತ್ತಿದ್ದರು. 'ಜೋರ್ ಜಾರ್, ಮುಲ್ಲುಕ್ ತಾರ್' ಎಂದು ಬಂಗಾಳಿಯಲ್ಲಿ ಒಂದು ಗಾದೆ: ಯಾರಿಗೆ ಬಲವೋ ಸೀಮೆ ಅವರದು. ಮೊದಲ ಬೆಳೆಯನ್ನು ಕೊಯ್ದವನಿಗೆ ಸ್ವಾಧೀನವಿತ್ತು ಎಂದು ಮುಂದೆ ನ್ಯಾಯಾಲಯದಲ್ಲಿ ಹೇಳಬಹುದಾದ್ದರಿಂದ ಕೊಯ್ಲಿನ ದಿನವೇ ರಕ್ತ ಹರಿಯುತ್ತಿತ್ತು. ಹೊಡೆದಾಟದಲ್ಲಿ ಸತ್ತವರಲ್ಲಿ ಜಮೀನ್ದಾರರು ಇರುತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಸರ್ಕಾರವು 1825ರಲ್ಲಿ ಹನ್ನೊಂದನೆಯ ರೆಗ್ಯುಲೇಷನ್ ಎಂಬ ಕಾನೂನನ್ನು ಮಾಡಿತು. ಅದರ ತಾತ್ಪರ್ಯವಿಷ್ಟು: ಹೂಳು ಸ್ವಲ್ಪಸ್ವಲ್ಪವಾಗಿ ಕೂಡಿ ಬೆಳೆದ ನೆಲ ಅದು ಅಂಟಿಕೊಂಡ ಜಮೀನಿನ ಒಡೆಯನಿಗೆ. ನದಿ ಇದ್ದಕ್ಕಿದ್ದಂತೆ ದಾರಿ ಬದಲಿಸಿ, ಗುರುತು ಕೆಡದಂತೆ ನೆಲವನ್ನು ಆಚೆಗೆ ಮಾಡಿದರೆ ಆ ನೆಲ ಹಳೆಯ ಒಡೆಯನಿಗೇ. ದೊಡ್ಡ ನದಿಯ ನಡುವೆ, ದಾಟಲಾರದ ನೀರಿನಿಂದ ಸುತ್ತುವರಿದು ಎದ್ದ ಚರ್ ಸರ್ಕಾರಕ್ಕೆ. ಓದುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಸ್ವಲ್ಪಸ್ವಲ್ಪವಾಗಿ ಬಂತೋ, ಇದ್ದಕ್ಕಿದ್ದಂತೆ ಬಂತೋ, ಮೊದಲು ಎಲ್ಲಿತ್ತೋ ಎಂದು ಹೇಳುವವರು ಯಾರು? ಆಗ ಎಲ್ಲರೂ ನಕ್ಷೆಯ ಕಡೆಗೆ ತಿರುಗಿದರು.

ಕೈಗೆ ಮೊದಲು ಸಿಕ್ಕಿದ್ದು ರೆನೆಲ್ಲನ ಭೂಪಟಗಳು. ಜೇಮ್ಸ್ ರೆನೆಲ್ 1764ರಲ್ಲಿ ಕಂಪನಿಗಾಗಿ ಬಂಗಾಳದ ನದಿಗಳನ್ನು ಅಳೆಯಲು ತೊಡಗಿ 1767ರಲ್ಲಿ ಅಲ್ಲಿನ ಸರ್ವೇಯರ್ ಜನರಲ್ ಆದವನು. 1779ರಲ್ಲಿ ಮೊದಲು ಪ್ರಕಟವಾದ ಅವನ ಬಂಗಾಳ ಅಟ್ಲಾಸು ಆ ಕಾಲಕ್ಕೆ ಅಚ್ಚರಿಯ ಕೆಲಸ. ಕಾಯಂ ಜಮಾಬಂದಿಗಿಂತ ಹಿಂದಿನದಾದ್ದರಿಂದ ವಕೀಲರಿಗೆ ಅದರ ಮೇಲೆ ಬಹಳ ಪ್ರೀತಿ: ಇಗೋ, 1793ಕ್ಕೆ ಮುಂಚೆ ನದಿ ಇಲ್ಲಿತ್ತು ಎಂದು ಬೆರಳಿಟ್ಟು ತೋರಿಸಬಹುದಾಗಿತ್ತು. ಆದರೆ ರೆನೆಲ್ ಅಳೆದದ್ದು ಕಂಪನಿಯ ದೋಣಿಗಳೂ ಸೈನ್ಯವೂ ಹೋಗುವ ದಾರಿಗಾಗಿ. ಅಂಗುಲಕ್ಕೆ ಹಲವು ಮೈಲಿಗಳಂತೆ ಬರೆದ ಆ ಪಟದಲ್ಲಿ ಲೇಖನಿಯ ಒಂದು ಗೆರೆಯ ಅಡಿಯಲ್ಲಿ ಬಡವನ ಹೊಲ ಪೂರ್ತಿ ಮುಚ್ಚಿಹೋಗುತ್ತದೆ. ನದಿ ಯಾವ ಕಡೆ ಹರಿಯುತ್ತಿತ್ತೆಂಬುದಕ್ಕೆ ಅದು ಸಾಕ್ಷಿ. ಎರಡು ಹಳ್ಳಿಗಳ ಎಲ್ಲೆಗೆ ಅಲ್ಲ.

ಹಳ್ಳಿಯ ಎಲ್ಲೆಗೆ ಸಾಕ್ಷಿಯಾಗಿ ಬಂದದ್ದು ಥಾಕ್ ನಕ್ಷೆ. 'ಥಾಕ್' ಎಂದರೆ ಎಲ್ಲೆಯ ಗುರುತು. ಅದನ್ನು ಗೊತ್ತುಮಾಡಿ ಕಟ್ಟುವುದು 'ಥಾಕ್‌ಬಸ್ತ್'. 19ನೆಯ ಶತಮಾನದ ನಡುವೆ, ಹೆಚ್ಚುಕಡಿಮೆ 1840ರ ದಶಕದಿಂದ 1870ರ ದಶಕದವರೆಗೆ, ಬಂಗಾಳದ ಜಿಲ್ಲೆಗಳಲ್ಲಿ ಇದು ನಡೆಯಿತು. ಸ್ಮಿತ್ ಮತ್ತು ಥುಯಿಲಿಯರ್ ಎಂಬ ಇಬ್ಬರು ಸೇನಾಧಿಕಾರಿಗಳು 1851ರಲ್ಲಿ ಪ್ರಕಟಿಸಿದ ಭೂಮಾಪನದ ಕೈಪಿಡಿಯೊಂದು ಆ ಕಾಲದ ಮೋಜಣಿಯವರಿಗೆಲ್ಲ ಆಧಾರಗ್ರಂಥವಾಗಿತ್ತು.

ಕೆಲಸ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಥಾಕ್ ನಕ್ಷೆಯ ಬೆಲೆಯೆಲ್ಲ ಅದರಲ್ಲಿಯೇ ಇದೆ. ಮಳೆಗಾಲ ಕಳೆದು ನೀರು ಇಳಿದ ಮೇಲೆ ಅಮೀನನು ಹಳ್ಳಿಗೆ ಬರುತ್ತಾನೆ. ಬರುವುದಕ್ಕೆ ಮುಂಚೆ ಅಕ್ಕಪಕ್ಕದ ಜಮೀನ್ದಾರಿಗಳಿಗೆ ತಿಳಿವಳಿಕೆಯ ಪತ್ರ ಹೋಗಿರುತ್ತದೆ. ಎರಡೂ ಕಡೆಯ ಗುಮಾಸ್ತೆಗಳು, ಊರಿನ ಮುಖ್ಯಸ್ಥರು, ಎಲ್ಲೆ ಬಲ್ಲ ಮುದುಕರು ಕೂಡುತ್ತಾರೆ. ಮುದುಕರು ಮುಂದೆ, ಅಮೀನನು ಹಿಂದೆ, ಊರಿನ ಸುತ್ತ ನಡೆಯುತ್ತಾರೆ. ಎಲ್ಲೆ ತಿರುಗುವ ಒಂದೊಂದು ಮೂಲೆಯಲ್ಲಿಯೂ ಮಣ್ಣಿನ ಗುಡ್ಡೆ ಹಾಕುತ್ತಾರೆ, ಕಲ್ಲಿಲ್ಲವಷ್ಟೆ. ಮೂರು ಊರುಗಳ ಎಲ್ಲೆ ಕೂಡುವ ಜಾಗದಲ್ಲಿ ಇನ್ನೂ ದೊಡ್ಡ ಗುಡ್ಡೆ. ಅಮೀನನು ದಿಕ್ಸೂಚಿ ಹಿಡಿದು, ದೂರವನ್ನು ಅಳೆದು, ಮೈಲಿಗೆ 16 ಅಂಗುಲದ ಪ್ರಮಾಣದಲ್ಲಿ ಒಂದು ಕರಡು ನಕ್ಷೆಯನ್ನು ಬರೆಯುತ್ತಾನೆ. ಗುಡ್ಡೆಗಳು, ಕೆರೆ, ಆಲದಮರ, ಗುಡಿ, ಮಸೀದಿ, ಪಕ್ಕದ ಮೌಜೆಗಳ ಹೆಸರು ಎಲ್ಲವೂ ಅದರಲ್ಲಿ ಬರುತ್ತವೆ. ಕೊನೆಗೆ ಅದರ ಮೇಲೆ ಎರಡೂ ಕಡೆಯ ಗುಮಾಸ್ತೆಗಳ ರುಜು.

ಇದಾದ ಮೇಲೆ ಥಿಯೊಡೊಲೈಟು, ಸರಪಳಿಗಳೊಡನೆ ಸರ್ವೇ ಇಲಾಖೆಯವರು ಬಂದು, ಗುಡ್ಡೆಗಳನ್ನು ಅನುಸರಿಸಿ, ಮೈಲಿಗೆ 4 ಅಂಗುಲದ ಶಾಸ್ತ್ರೀಯ ನಕ್ಷೆಯನ್ನು ತಯಾರಿಸುತ್ತಿದ್ದರು. ಅಮೀನನದು ಒರಟು ಕೆಲಸ, ಇವರದು ಅಚ್ಚುಕಟ್ಟು. ಆದರೂ ಎಲ್ಲೆಯ ವ್ಯಾಜ್ಯಗಳಲ್ಲಿ ಒರಟು ನಕ್ಷೆಗೆ ಅದರದೇ ಆದ ಒಂದು ತೂಕವಿತ್ತು. ಅಂದಿನ ನೆರೆಹೊರೆಯವರು ಎದುರೆದುರು ನಿಂತು ಒಪ್ಪಿದ ರುಜು ಇದ್ದದ್ದು ಅದರ ಮೇಲೆ.

ಎಲ್ಲವೂ ಧರ್ಮವಾಗಿ ನಡೆಯಿತೆಂದು ತಿಳಿಯಬೇಡಿ. ಅಮೀನನ ಸಂಬಳ ಚಿಕ್ಕದು, ಅಧಿಕಾರ ದೊಡ್ಡದು. ಗುಡ್ಡೆಯನ್ನು ನಾಲ್ಕು ಮಾರು ಈಚೆಗೆ ಹಾಕಿಸುವುದಕ್ಕೆ ಏನೇನು ಉಪಾಯಗಳುಂಟೋ ಅವು ನಮ್ಮ ಓದುಗರಿಗೆ ತಿಳಿಯದವಲ್ಲ. ಇನ್ನು ಕೆಲವು ಜಮೀನ್ದಾರರು, ಇದೆಲ್ಲ ಕಂದಾಯ ಏರಿಸುವ ಹೂಟ ಎಂದು ಶಂಕಿಸಿ ಅಮೀನನಿಗೆ ಆಳು ಕೊಡದೆ ದೂರವಿದ್ದರು. ಮುಂದೆ ಅವರ ಮೊಮ್ಮಕ್ಕಳು ಅದಕ್ಕೆ ದಂಡ ತೆತ್ತರು. ಗುಡ್ಡೆಗಳಂತೂ ಎರಡು ಮಳೆಗಾಲ ಕಂಡರೆ ಹೆಚ್ಚು. ಉಳಿದದ್ದು ಜಿಲ್ಲಾ ಕಛೇರಿಯ ದಫ್ತರಖಾನೆಯಲ್ಲಿದ್ದ ಕಾಗದ ಮಾತ್ರ.

ನಮ್ಮ ಕಡೆಯ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಹೊಳೆಯಬಹುದು. ಮುಂಬಯಿ ಪ್ರಾಂತ್ಯದ ಪದ್ಧತಿಯನ್ನು ಅನುಸರಿಸಿ ಮೈಸೂರಿನಲ್ಲಿ 1863ರಿಂದ ನಡೆದ ಮೋಜಣಿಯಲ್ಲಿ ಒಂದೊಂದು ಹೊಲಕ್ಕೂ ನಂಬರು, ಕಲ್ಲು, ಟಿಪ್ಪಣಿ ಬಂದುವು. ಬಂಗಾಳದ ಥಾಕ್‌ಬಸ್ತಿನಲ್ಲಿ ಅಳೆದದ್ದು ಮೌಜೆಯ ಎಲ್ಲೆಯನ್ನು. ಬರೆದುಕೊಂಡದ್ದು ಜಮೀನ್ದಾರನ ಹೆಸರನ್ನು. ಉಳುವವನ ಹೊಲ ಅದರಲ್ಲಿ ಕಾಣುವುದಿಲ್ಲ. ಮುದುಕ ರೈತನು ಮುಂದೆ ನಡೆದು ತೋರಿಸಿದ ಎಲ್ಲೆ ನಕ್ಷೆಯಲ್ಲಿ ಉಳಿಯಿತು, ಅವನ ಹೆಸರು ಉಳಿಯಲಿಲ್ಲ.

ಈಗ ನ್ಯಾಯಾಲಯಕ್ಕೆ ಬರೋಣ. ನಕ್ಷೆ ಸುಳ್ಳು ಹೇಳುವುದಿಲ್ಲವೆಂದು ನಮ್ಮಲ್ಲಿ ಒಂದು ನಂಬಿಕೆಯುಂಟು. ನ್ಯಾಯಾಧೀಶರಿಗೆ ಆ ನಂಬಿಕೆ ಇರಲಿಲ್ಲ. ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಕಾಯಿದೆಯ 83ನೆಯ ಪ್ರಕರಣ ಈ ವಿಷಯದಲ್ಲಿ ಬಹು ಸೊಗಸಾದ ಒಂದು ಭೇದವನ್ನು ಮಾಡಿತು. ಸರ್ಕಾರದ ಅಧಿಕಾರದಿಂದ ಆದ ನಕ್ಷೆಯನ್ನು ನ್ಯಾಯಾಲಯ ಸರಿಯೆಂದೇ ಭಾವಿಸತಕ್ಕದ್ದು. ಆದರೆ ಒಂದು ವ್ಯಾಜ್ಯಕ್ಕಾಗಿಯೇ ಬರೆಸಿದ ನಕ್ಷೆಯಾದರೆ ಅದು ಸರಿಯೆಂದು ರುಜುವಾತುಮಾಡಬೇಕು. 2024ರ ಜುಲೈ 1ರಿಂದ ಆ ಹಳೆಯ ಕಾಯಿದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಈ ನಿಯಮ ಹಾಗೆಯೇ ಉಳಿದಿದೆ. ಜಗಳ ಹುಟ್ಟುವುದಕ್ಕೆ ಮೊದಲು, ಯಾವ ಪಕ್ಷವೂ ಇಲ್ಲದಾಗ ಬರೆದ ನಕ್ಷೆ ಸಾಕ್ಷಿ. ಜಗಳ ಹುಟ್ಟಿದ ಮೇಲೆ ಬರೆಸಿದ ನಕ್ಷೆ ವಕೀಲ. ಒಂದು ನಕ್ಷೆಯನ್ನು ಎಷ್ಟು ಅಂದವಾಗಿ ಬರೆದಿದ್ದಾರೆ ಎಂಬುದಕ್ಕಿಂತ ಯಾವಾಗ ಬರೆದರು, ಯಾರ ಎದುರಿಗೆ ಬರೆದರು ಎಂಬುದೇ ಮುಖ್ಯವಾಯಿತು. ನಾಟೋರದ ಮಹಾರಾಜ ಜಗದಿಂದ್ರನಾಥ ರಾಯರಿಗೂ ಸರ್ಕಾರಕ್ಕೂ ನಡೆದ ಒಂದು ವ್ಯಾಜ್ಯದಲ್ಲಿ, 20ನೆಯ ಶತಮಾನದ ಆರಂಭದಲ್ಲಿ, ಪ್ರೀವಿ ಕೌನ್ಸಿಲಿನವರು ಕಂದಾಯ ಮೋಜಣಿಯ ನಕ್ಷೆಗಳ ಬಗ್ಗೆ ಹೇಳಿದ್ದೂ ಇದೇ ಅರ್ಥದ ಮಾತು: ಬಲ್ಲವರು, ಸಂಬಂಧಪಟ್ಟವರಿಗೆಲ್ಲ ತಿಳಿಸಿ, ಬಹಿರಂಗವಾಗಿ ಮಾಡಿದ ಕೆಲಸವಾದ್ದರಿಂದ ಅವು ಆ ಕಾಲದ ಸ್ಥಿತಿಗೆ ಬೆಲೆಯುಳ್ಳ ಸಾಕ್ಷ್ಯ. ಹಾಗೆಂದು ಕೊನೆಯ ಮಾತಲ್ಲ. ತಪ್ಪೆಂದು ತೋರಿಸಬಲ್ಲವರು ತೋರಿಸಬಹುದು.

ಸಾಕ್ಷಿ ಸಿಕ್ಕರೂ ಅದರ ಬಾಯಿ ಬಿಡಿಸುವುದು ಸುಲಭವಾಗಿರಲಿಲ್ಲ. ಕಾಗದದ ಗೆರೆಯನ್ನು ಮತ್ತೆ ನೆಲದ ಮೇಲೆ ಇಳಿಸಬೇಕು. ನ್ಯಾಯಾಲಯ ನೇಮಿಸಿದ ಕಮಿಷನರನು ನಕ್ಷೆಯ ಪ್ರತಿಯನ್ನು ಹಿಡಿದು ಹೋಗುತ್ತಾನೆ. ಮೊದಲು ಅವನಿಗೆ ಕದಲದ ಒಂದು ಗುರುತು ಬೇಕು: ನಕ್ಷೆಯಲ್ಲಿಯೂ ಇರಬೇಕು, ನೆಲದ ಮೇಲೆಯೂ ಉಳಿದಿರಬೇಕು. ಅಂಥದು ಹಳೆಯ ಗುಡಿ, ದೊಡ್ಡ ಕೆರೆಯ ಏರಿ, ಇಲ್ಲವೆ ನದಿಯ ಕೈಗೆ ಸಿಕ್ಕದ ಒಳನಾಡಿನ ಮೂರೂರಿನ ಕೂಡು. ಅಲ್ಲಿಂದ ಸರಪಳಿ ಎಳೆದುಕೊಂಡು ನದಿಯ ಕಡೆಗೆ ಬರಬೇಕು. ಅಷ್ಟರಲ್ಲಿ ದಿಕ್ಸೂಚಿಯ ಮುಳ್ಳು ತೋರುವ ಉತ್ತರ ದಶಕ ದಶಕಕ್ಕೂ ಸ್ವಲ್ಪ ಸರಿದಿರುತ್ತದೆ, ಕಾಗದ ಹವೆಗೆ ಕುಗ್ಗಿ ಹಿಗ್ಗಿರುತ್ತದೆ. ಮೈಲಿಗೆ 16 ಅಂಗುಲದ ನಕ್ಷೆಯಲ್ಲಿ ಒಂದು ಅಂಗುಲವೆಂದರೆ 110 ಗಜ. ಗೆರೆಯ ದಪ್ಪ ಅಂಗುಲದ ಐವತ್ತನೆಯ ಒಂದು ಪಾಲೆಂದು ಹಿಡಿದರೂ ನೆಲದ ಮೇಲೆ ಅದು ಆರೂವರೆ ಅಡಿಗೆ ಮಿಕ್ಕಿತು. ಮೈಲಿಗೆ 4 ಅಂಗುಲದ ನಕ್ಷೆಯಲ್ಲಿ 26 ಅಡಿ. ವಾದಿಯ ಕಡೆಯವರು ಗೆರೆಯ ಒಂದು ಅಂಚನ್ನು ಹಿಡಿದರೆ ಪ್ರತಿವಾದಿಯ ಕಡೆಯವರು ಇನ್ನೊಂದನ್ನು ಹಿಡಿಯುತ್ತಿದ್ದರು. ಇಬ್ಬರು ಕಮಿಷನರರು ಹೋದರೆ ಎರಡು ಎಲ್ಲೆ ಬರುವುದರಲ್ಲಿ ಆಶ್ಚರ್ಯವೇನಿದೆ?

ಇಷ್ಟೆಲ್ಲ ಕಷ್ಟಪಟ್ಟು ಹಳೆಯ ನಕ್ಷೆಯನ್ನೇ ಏಕೆ ಹಿಡಿಯಬೇಕಾಯಿತೆಂಬುದಕ್ಕೆ 1870ರ ಒಂದು ತೀರ್ಪು ಮುಖ್ಯ ಕಾರಣ. ಲೋಪೆಜ್ ವಿರುದ್ಧ ಮದನಮೋಹನ ಠಾಕೂರ್ ಎಂಬುದು ಆ ವ್ಯಾಜ್ಯದ ಹೆಸರು. ಗಂಗೆಯ ದಡದಲ್ಲಿ ಲೋಪೆಜನ ಜಮೀನು, ಅದರ ಹಿಂದೆ ನೆರೆಯವರದು. ಗಂಗೆ ಲೋಪೆಜನ ನೆಲವನ್ನು ಕೊರೆದು ನುಂಗಿ, ನೆರೆಯವರ ಎಲ್ಲೆಗೆ ಬಂದು ನಿಂತಿತು. ಮುಂದೆ ನದಿ ಹಿಂದಕ್ಕೆ ಸರಿದಾಗ ನೆಲ ಮತ್ತೆ ಎದ್ದಿತು. ನೆರೆಯವರು ಹೇಳಿದರು: ಈಗ ನದಿಯ ದಡ ನಮ್ಮದು, ದಡಕ್ಕೆ ಅಂಟಿ ಬೆಳೆದ ನೆಲವೂ ನಮ್ಮದು. 1825ರ ಕಾನೂನಿನ ಅಕ್ಷರಾರ್ಥ ಹಿಡಿದರೆ ಅದು ಹೌದೆಂದೇ ಕಾಣುತ್ತದೆ. ಪ್ರೀವಿ ಕೌನ್ಸಿಲಿನವರು ಒಪ್ಪಲಿಲ್ಲ. ನೀರು ಮುಚ್ಚಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ಹಳೆಯ ಜಾಗವೇ ಎಂದು ಗುರುತಿಸಬಹುದಾದರೆ, ತಿರುಗಿ ಬಂದ ನೆಲ ಹಳೆಯ ಒಡೆಯನದೇ ಎಂದರು.

ಗುರುತಿಸಬಹುದಾದರೆ! ಮರವಿಲ್ಲ, ಗುಡ್ಡೆಯಿಲ್ಲ, ಮನೆಯಿಲ್ಲ. ಕಣ್ಣು ಹರಿಯುವಷ್ಟು ದೂರ ಬರಿಯ ಮರಳು. ಅಲ್ಲಿ 'ಇದು ನನ್ನ ಹಳ್ಳಿ' ಎಂದು ಹೇಳುವುದಕ್ಕೆ ನಕ್ಷೆಯ ಹೊರತು ಬೇರೆ ಯಾವ ಆಧಾರವುಂಟು? ಅಲ್ಲಿಂದ ಮುಂದೆ ಥಾಕ್ ನಕ್ಷೆ ಇಲ್ಲದೆ ಚರಿನ ವ್ಯಾಜ್ಯ ನಡೆಯುವುದು ಕಷ್ಟವಾಯಿತು. ಯಾವ ಅಮೀನನನ್ನು ಊಟ ಹಾಕದೆ ಅಜ್ಜ ಓಡಿಸಿದ್ದನೋ ಅವನ ಕಾಗದಕ್ಕಾಗಿ ಮೊಮ್ಮಗ ದಫ್ತರಖಾನೆಯ ಬಾಗಿಲು ಕಾಯತೊಡಗಿದನು.

ಉಳುವವನ ಹೊಲ ನಕ್ಷೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ 1885ರ ಬಂಗಾಳ ಗೇಣಿ ಕಾಯಿದೆ ಬರಬೇಕಾಯಿತು. ಅದರ ಮೇಲೆ ನಡೆದ ಹೊಲಹೊಲದ ಅಳತೆ ಜಿಲ್ಲೆಯಿಂದ ಜಿಲ್ಲೆಗೆ ಸಾಗಿ ಮುಗಿಯುವ ವೇಳೆಗೆ 1940 ಬಂದಿತ್ತು. ಹೆಚ್ಚು ದಿನವಾಗಲಿಲ್ಲ, ಪೂರ್ವ ಬಂಗಾಳದಲ್ಲಿ 1950ರ ಕಾನೂನೂ ಪಶ್ಚಿಮ ಬಂಗಾಳದಲ್ಲಿ 1953ರ ಕಾನೂನೂ ಜಮೀನ್ದಾರಿಯನ್ನೇ ತೆಗೆದುಹಾಕಿದುವು.

ಜಮೀನ್ದಾರರು ಹೋದರೂ ಅವರ ಜಗಳ ಹೋಗಲಿಲ್ಲ. ರಾಜ್ಯಗಳಿಗೆ ಬಳುವಳಿಯಾಗಿ ಬಂತು. 1947ರ ಆಗಸ್ಟಿನಲ್ಲಿ ರಾಡ್‌ಕ್ಲಿಫ್ ಎಳೆದ ಗೆರೆ ಮುರ್ಷಿದಾಬಾದ್ ಮತ್ತು ರಾಜಶಾಹಿ ಜಿಲ್ಲೆಗಳ ನಡುವೆ ಹಳೆಯ ಜಿಲ್ಲಾ ಎಲ್ಲೆಯನ್ನೂ ಗಂಗೆಯನ್ನೂ ಹಿಡಿದು ಹೋಗುತ್ತಿತ್ತು. ನದಿ ಸರಿದರೆ ದೇಶದ ಎಲ್ಲೆಯೂ ಸರಿಯುತ್ತದೆಯೋ, ನಿಂತಲ್ಲಿಯೇ ನಿಲ್ಲುತ್ತದೆಯೋ? ಭಾರತ ಪಾಕಿಸ್ತಾನಗಳು ಇದನ್ನು ಸ್ವೀಡನ್ನಿನ ನ್ಯಾಯಾಧೀಶ ಬಾಗ್ಗೆ ಎಂಬವರ ಅಧ್ಯಕ್ಷತೆಯ ಮಂಡಲಿಗೆ ಒಪ್ಪಿಸಿದುವು. 1950ರ ತೀರ್ಪು, ನೆಲದ ಭಾಗದಲ್ಲಿ 1940ರ ಸರ್ಕಾರಿ ಪ್ರಕಟಣೆಯ ನಕ್ಷೆಯಲ್ಲಿದ್ದ ಜಿಲ್ಲಾ ಎಲ್ಲೆಯನ್ನೂ, ನೀರಿನ ಭಾಗದಲ್ಲಿ ರಾಡ್‌ಕ್ಲಿಫರ ತೀರ್ಪಿನ ಕಾಲಕ್ಕೆ ಗಂಗೆಯ ಮುಖ್ಯ ಪ್ರವಾಹದ ನಡುಗೆರೆ ಎಲ್ಲಿತ್ತೋ ಅದನ್ನೂ ಹಿಡಿಯಿತು. ಜಗಳಕ್ಕೆ ಮುಂಚಿನ ನಕ್ಷೆ ಇಲ್ಲಿಯೂ ಸಾಕ್ಷಿಯಾಯಿತು.

ಬಾಂಗ್ಲಾದೇಶ ಹುಟ್ಟಿದ ಮೇಲೆ 1972ರಲ್ಲಿ ಅಲ್ಲಿನ ಸರ್ಕಾರ, ನದಿ ನುಂಗಿ ಮತ್ತೆ ಎದ್ದ ನೆಲವೆಲ್ಲ ಸರ್ಕಾರದ್ದೆಂದು ಆಜ್ಞೆ ಮಾಡಿತು. ಲೋಪೆಜನ ಕಾಲದ ತತ್ತ್ವ ಅಲ್ಲಿಗೆ ಮುಗಿಯಿತೆಂದುಕೊಂಡರು. ಆದರೆ ಆ ಚರುಗಳ ಮೇಲೆ ಹೊಡೆದಾಟ ನಿಲ್ಲಲಿಲ್ಲ. 1994ರಲ್ಲಿ ಕಾನೂನನ್ನು ತಿದ್ದಿದರು. 30 ವರ್ಷದೊಳಗೆ ನೆಲ ತನ್ನ ಹಳೆಯ ಜಾಗದಲ್ಲಿಯೇ ತಿರುಗಿ ಕಾಣಿಸಿಕೊಂಡರೆ ಹಳೆಯ ಒಡೆಯನ ಹಕ್ಕು ಉಳಿಯುತ್ತದೆ. ಈ ಹಳೆಯ ಒಡೆಯನು ಈಗ ಜಮೀನ್ದಾರನಲ್ಲ. ಎರಡು ಮೂರು ಬಿಘಾ ನೆಲವಿದ್ದು, ಅದನ್ನು ಕಳೆದುಕೊಂಡು, ಏರಿಯ ಮೇಲೆ ಗುಡಿಸಲು ಹಾಕಿಕೊಂಡ ರೈತ. ಅವನು ನದಿಯನ್ನು ನೋಡುತ್ತ ವರ್ಷಗಳನ್ನು ಎಣಿಸುತ್ತಾನೆ. ಅವನ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಮೋಜಣಿಯ ಪರ್ಚಾ ಇರುತ್ತದೆ, ಅದರೊಡನೆ ಮಡಿಕೆಗಳಲ್ಲಿ ಸವೆದ ಒಂದು ಮೌಜೆ ನಕ್ಷೆ.